ಡ್ರೈವರನ ಕೆಂಪು ಮುಖ

ಗಂಡನ ಮುಖ ಕೆಂಪಗಾಗಿರುವುದನ್ನು ಅವಳು ಮೊದಲ ಸಲ ಕಂಡದ್ದು ಒಂದು ಬುಧವಾರ, ಮಧ್ಯಾಹ್ನ ಮೂರೂಮುಕ್ಕಾಲಿಗೆ. ಲಾಂಡ್ರಿಯ ಕೆಲಸ ಮುಗಿಸಿ ಬಂದು ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದಳು. ಅವನು ಕನ್ನಡಿಯ ಮುಂದೆ ನಿಂತು ಯೂನಿಫಾರ್ಮಿನ ಕಾಲರಿನ ಗುಂಡಿ ಹಾಕಿಕೊಳ್ಳುತ್ತಿದ್ದ. ಕುತ್ತಿಗೆಯಿಂದ ಕಿವಿಯ ತುದಿಯವರೆಗೆ ಚರ್ಮ ಕೆಂಪೇರಿತ್ತು. ಅವಳ ಒಂದು ಕಾಲು ಚಪ್ಪಲಿಯಲ್ಲೇ ಉಳಿಯಿತು.

"ಏನ್ರೀ ಇದು, ಮುಖ ಹೀಗಾಗಿದೆ?"

"ಸ್ನಾನ ಮಾಡಿದೆ. ನೀರು ಬಿಸಿ ಜಾಸ್ತಿ ಆಗಿತ್ತೇನೋ."

ಅವನ ತಲೆಗೂದಲು ಒಣಗಿತ್ತು. ಬಚ್ಚಲಿನ ನೆಲವೂ ಒಣಗಿತ್ತು ಎಂಬುದನ್ನು ಅವಳು ಆಮೇಲೆ ನೋಡಿಕೊಂಡಳು. ಅವನು ಬ್ಯಾಗು ಹೆಗಲಿಗೇರಿಸಿಕೊಂಡು ಹೊರಟಾಗ ದಾರಿ ಬಿಡುವ ನೆಪದಲ್ಲಿ ಅವನ ಪಕ್ಕಕ್ಕೇ ಸರಿದು, ಸದ್ದಾಗದಂತೆ ಉಸಿರೆಳೆದುಕೊಂಡಳು. ಹುಳಿ ಬಂದ ಹಿಟ್ಟಿನಂಥ, ರಾತ್ರಿಯ ಬಾರಿನ ಮುಂದೆ ಬೆಳಗ್ಗೆ ಹಾದುಹೋದರೆ ಮೂಗಿಗೆ ಬಡಿಯುವಂಥ ವಾಸನೆ. ಬಲವಾಗಿರಲಿಲ್ಲ. ಆದರೂ ಇತ್ತು.

ಅವನು ಮೆಟ್ಟಿಲಿಳಿದು ಹೋದ ಮೇಲೆ ಅವಳು ಕುರ್ಚಿಯ ಮೇಲೆ ಕುಸಿದಳು. ಅಳು ಬರಲಿಲ್ಲ, ಸಿಟ್ಟೂ ಬರಲಿಲ್ಲ. ಏಳು ಗಂಟೆ ನಿಂತ ಕಾಲು ಜೋಮು ಹಿಡಿದಿತ್ತು. 'ಮತ್ತೆ ಮೊದಲಿಂದ ಶುರು ಮಾಡಬೇಕಾ' ಎಂದಷ್ಟೇ ಅನ್ನಿಸಿತು.

ಅವನು ಸಿಟಿ ಬಸ್ ಡ್ರೈವರ್. ಬೆಳಗ್ಗೆ ಐದರಿಂದ ಒಂಬತ್ತರವರೆಗೆ ಒಂದು ಪಾಳಿ, ಸಂಜೆ ನಾಲ್ಕೂವರೆಯಿಂದ ಎಂಟೂವರೆಯವರೆಗೆ ಇನ್ನೊಂದು. ನಡುವಿನ ಹೊತ್ತು ಮನೆಯಲ್ಲಿ ಒಬ್ಬನೇ ಇರುತ್ತಿದ್ದ. ಹಿಂದೆ, ಹನ್ನೊಂದು ವರ್ಷ, ಆ ನಡುವಿನ ಹೊತ್ತೇ ಅವನನ್ನು ನುಂಗಿ ಹಾಕಿತ್ತು. ಕುಡಿಯುತ್ತಿದ್ದ ಎಂದರೆ ಬಿದ್ದು ಹೊರಳುವಷ್ಟಲ್ಲ. ಲೆಕ್ಕ ಇಟ್ಟುಕೊಂಡು, ಸ್ಟೇರಿಂಗ್ ಹಿಡಿಯುವ ಹೊತ್ತಿಗೆ ಇಳಿಯುವಂತೆ ಕುಡಿಯುತ್ತೇನೆ ಎಂದು ನಂಬಿಕೊಂಡಿದ್ದ. ಒಂದು ದಿನ ಲೆಕ್ಕ ತಪ್ಪಿತು. ಡಿಪೋದಲ್ಲಿ ಊದಿಸಿದರು, ಯಂತ್ರ ಕೂಗಿತು. ಮೂರು ತಿಂಗಳು ಮನೆಯಲ್ಲಿ ಕೂರಿಸಿದರು. ಇನ್ನೊಮ್ಮೆ ಸಿಕ್ಕಿದರೆ ಕೆಲಸ ಇಲ್ಲ ಎಂದು ಬರೆಸಿಕೊಂಡು ಮತ್ತೆ ಸೇರಿಸಿಕೊಂಡರು. ಅಂದಿನಿಂದ ಇಂದಿಗೆ ನಾಲ್ಕು ವರ್ಷ ಎರಡು ತಿಂಗಳು. ಒಂದು ತೊಟ್ಟೂ ಮುಟ್ಟಿಲ್ಲ ಎನ್ನುತ್ತಿದ್ದ. ಅವಳೂ ನಂಬಿದ್ದಳು, ಸುಮಾರಾಗಿ.

ಕುಡಿತ ಬಿಟ್ಟರೂ ಮೈ ಸರಿಹೋಗಿರಲಿಲ್ಲ. ಬೇಗ ಸುಸ್ತಾಗುತ್ತಿತ್ತು, ಬಾಯಿಹುಣ್ಣು ಆಗುತ್ತಿತ್ತು, ಕೈಬೆರಳು ಮರಗಟ್ಟುತ್ತಿದ್ದವು. ಎಂಟು ತಿಂಗಳ ಹಿಂದೆ ಅವನ ತಂಗಿ ಬಂದವಳು ಅದನ್ನು ನೋಡಿ, "ನಿಂಗೆ ಬಿ ವಿಟಮಿನ್ ಕಮ್ಮಿ ಇದೆ ಅಣ್ಣ, ಕುಡಿಯೋರಿಗೆಲ್ಲ ಹಾಗೇ ಆಗುತ್ತೆ," ಎಂದು ತೀರ್ಪು ಕೊಟ್ಟುಬಿಟ್ಟಿದ್ದಳು. ಅವಳು ಶಾಲೆಯೊಂದರಲ್ಲಿ ಲೈಬ್ರರಿ ನೋಡಿಕೊಳ್ಳುವವಳು. ಹಾಲು, ಮೊಟ್ಟೆ, ಮಾಂಸ ಎಲ್ಲ ಬಿಟ್ಟು ಆರು ವರ್ಷವಾಗಿತ್ತು. ಅಣ್ಣ ಅವಳಿಗೆ ಸೊಪ್ಪಮ್ಮ ಎಂದು ಹೆಸರಿಟ್ಟಿದ್ದ. ಮುಂದಿನ ವಾರವೇ ಸೊಪ್ಪಮ್ಮ ದೊಡ್ಡ ಡಬ್ಬಿಯೊಂದನ್ನು ತಂದುಕೊಟ್ಟಳು. ಒಳಗೆ ಹಳದಿ ಬಣ್ಣದ, ಮೀನಿಗೆ ಹಾಕುವ ತಿಂಡಿಯಂಥ ತೆಳ್ಳಗಿನ ಚೂರು.

"ಯೀಸ್ಟ್ ಪುಡಿ. ಅನ್ನದ ಮೇಲೆ, ಪಲ್ಯದ ಮೇಲೆ, ಬ್ರೆಡ್ ಮೇಲೆ, ಎಲ್ಲಿ ಬೇಕಾದ್ರೂ ಉದುರಿಸ್ಕೋ. ಚೀಸ್ ಥರಾ ರುಚಿ ಬರುತ್ತೆ."

"ಯೀಸ್ಟ್ ಅಂದ್ರೆ ಬಿಯರಿಗೆ ಹಾಕ್ತಾರಲ್ಲ, ಅದೇ ಅಲ್ವೇನೇ?" ಅತ್ತಿಗೆ ಡಬ್ಬಿಯನ್ನು ಅವಳ ಕಡೆಗೇ ತಳ್ಳಿದ್ದಳು. "ಬೇರೇನೂ ಸಿಗಲಿಲ್ವಾ ನಿಂಗೆ ಇವರಿಗೆ ಕೊಡೋಕೆ?"

"ಜಾತಿ ಅದೇ ಅತ್ತಿಗೆ, ಆದ್ರೆ ಇದು ಸತ್ತಿರೋ ಯೀಸ್ಟು. ಬಿಸಿ ಮಾಡಿ ಸಾಯಿಸಿರ್ತಾರೆ. ಹುಳಿ ಬರೋದೂ ಇಲ್ಲ, ಮತ್ತೇರೋದೂ ಇಲ್ಲ."

"ದಿನಾ ತಿಂದ್ರೆ ಏನೂ ಆಗಲ್ವಾ?"

"ನಾನು ಆರು ವರ್ಷದಿಂದ ದಿನಾ ತಿಂತಿದ್ದೀನಿ, ನನಗೇನಾಗಿದೆ?"

"ನಿಂಗೆ ಏನಾಗಿದೆ ಅಂತ ಹೇಳೋಕೆ ಶುರು ಮಾಡಿದ್ರೆ ಬಸ್ಸು ತಪ್ಪುತ್ತೆ," ಎಂದು ಅಣ್ಣ ನಕ್ಕಿದ್ದ.

ಪುಡಿ ಅವನಿಗೆ ಹಿಡಿಸಿತು. ಒಂದೆರಡು ತಿಂಗಳಲ್ಲಿ ಮುಖದಲ್ಲಿ ಕಳೆ ಬಂತು, ಬಾಯಿಹುಣ್ಣು ಮಾಯಿತು. ಅವಳು ಡಬ್ಬಿಯನ್ನು ಉಪ್ಪಿನ ಪಕ್ಕದಲ್ಲಿ ಇಟ್ಟು ಮರೆತಳು. ಡಬ್ಬಿ ಖಾಲಿಯಾದಾಗಲೆಲ್ಲ ಸೊಪ್ಪಮ್ಮ ಇನ್ನೊಂದು ಕಳಿಸುತ್ತಿದ್ದಳು. ಎಷ್ಟು ದಿನಕ್ಕೊಮ್ಮೆ ಖಾಲಿಯಾಗುತ್ತಿದೆ ಎಂದು ಯಾರೂ ಗಮನಿಸಲಿಲ್ಲ.

ಈ ನಾಲ್ಕು ವರ್ಷ ಆಗೀಗ ಮಾತ್ರ ಹುಡುಕುತ್ತಿದ್ದವಳು ಬುಧವಾರದ ನಂತರ ದಿನವೂ ಹುಡುಕಲು ಶುರುಮಾಡಿದಳು. ಹುಡುಕುವ ಜಾಗಗಳು ಅವಳಿಗೆ ಬಾಯಿಪಾಠವಾಗಿದ್ದವು. ಫ್ಲಶ್ ಟ್ಯಾಂಕಿನ ಮುಚ್ಚಳ, ಚಳಿಗಾಲದ ಹೊದಿಕೆಗಳ ಪೆಟ್ಟಿಗೆ, ಹಳೆಯ ಬೂಟು, ಸಿಲಿಂಡರಿನ ಹಿಂದೆ, ಬೀರುವಿನ ಮೇಲಿನ ಧೂಳು ಹಿಡಿದ ಸೂಟ್‌ಕೇಸು. ಹಿಂದೆ ಇವೆಲ್ಲ ಕಡೆಯೂ ಒಂದಲ್ಲ ಒಂದು ದಿನ ಬಾಟಲಿ ಸಿಕ್ಕಿತ್ತು. ಈಗ ಏನೂ ಸಿಗಲಿಲ್ಲ. ಸಿಗದಿದ್ದರೆ ಸಮಾಧಾನ ಆಗಬೇಕಿತ್ತು. ಅದರ ಬದಲು, ಈ ಸಲ ಹೊಸ ಜಾಗ ಕಂಡುಕೊಂಡಿದ್ದಾನೆ ಎಂಬ ಯೋಚನೆ ತಲೆಯೊಳಗೆ ಹೊಕ್ಕಿತು.

ಶುಕ್ರವಾರ ಮತ್ತೆ ಮುಖ ಕೆಂಪಗಿತ್ತು. ಭಾನುವಾರ ಇರಲಿಲ್ಲ, ಅಂದು ಅವನಿಗೆ ರಜೆ, ಅವಳು ಮನೆಯಲ್ಲಿದ್ದಳು. ಅದೇ ಸಾಕಾಯಿತು. ನಾನಿದ್ದರೆ ಇಲ್ಲ, ನಾನಿಲ್ಲದಿದ್ದರೆ ಇದೆ. ಇದಕ್ಕಿಂತ ಸಾಕ್ಷಿ ಬೇಕೇ?

ಲಾಂಡ್ರಿಯಲ್ಲಿ ಅವಳ ಕೆಲಸ ಆಸ್ಪತ್ರೆಗಳ ಹಾಸಿಗೆ ಬಟ್ಟೆಯನ್ನು ಬಿಸಿ ರೋಲರಿನೊಳಗೆ ಕಳಿಸುವುದು. ಇಬ್ಬರು ಹೆಂಗಸರು ಎರಡು ಮೂಲೆ ಹಿಡಿದು, ಸುಕ್ಕಾಗದಂತೆ ಎಳೆದು, ಅಂಚು ಸೇರಿಸಿ ಬಿಡಬೇಕು. ಒಬ್ಬರು ಎಲ್ಲೋ ಯೋಚಿಸುತ್ತ ನಿಂತರೆ ಬಟ್ಟೆ ಓರೆಯಾಗಿ ಸಿಕ್ಕಿಕೊಳ್ಳುತ್ತದೆ. ಆ ವಾರ ಮೂರು ಸಲ ಸಿಕ್ಕಿಕೊಂಡಿತು. ಎದುರು ಮೂಲೆ ಹಿಡಿಯುತ್ತಿದ್ದ ಹಿರಿಯ ಹೆಂಗಸು ರೋಲರ್ ನಿಲ್ಲಿಸಿ, "ಮನೇಲಿ ಏನಾದ್ರೂ ಇದ್ರೆ ಹೇಳ್ಕೊಳ್ಳಮ್ಮ, ಕೈ ಸುಟ್ಕೋಬೇಡ," ಎಂದಳು. ಅವಳು ನಿದ್ದೆ ಇಲ್ಲ ಎಂದಳು. ಅದು ಸುಳ್ಳೇನೂ ಆಗಿರಲಿಲ್ಲ.

ಮುಂದಿನ ಮಂಗಳವಾರ ಸಂಜೆ ಐದೂವರೆಗೆ, ಅವನು ರಸ್ತೆಯ ಮೇಲೆ ಬಸ್ಸಿನಲ್ಲಿರಬೇಕಾದ ಹೊತ್ತಿಗೆ, ಬಾಗಿಲ ಬೀಗಕ್ಕೆ ಕೀಲಿ ಬಿದ್ದ ಸದ್ದಾಯಿತು. ಅವನು ಒಳಗೆ ಬಂದು ಬ್ಯಾಗನ್ನು ನೆಲದ ಮೇಲಿಟ್ಟ. ಮುಖ ಈಗ ಕೆಂಪಗಿರಲಿಲ್ಲ, ಬೂದಿಯ ಬಣ್ಣಕ್ಕಿತ್ತು.

"ಕಂಪ್ಲೇಂಟ್ ಆಗಿದೆ," ಎಂದ. "ಯಾರೋ ಪ್ಯಾಸೆಂಜರ್ ಫೋನ್ ಮಾಡಿದಾರೆ. ಡ್ರೈವರ್ ಮುಖ ಕೆಂಡದ ಹಾಗಿದೆ, ಕೈ ಕೆರ್ಕೊಳ್ತಾ ಇದಾನೆ, ಹತ್ರ ಹೋದ್ರೆ ವಾಸನೆ ಬರುತ್ತೆ ಅಂತ. ಮೊದಲ ಟ್ರಿಪ್ಪಲ್ಲೇ ಇಳಿಸಿ ಕರ್ಕೊಂಡು ಹೋದ್ರು."

ಅವಳು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. "ಊದಿಸಿದ್ರಾ?"

"ಎರಡು ಸಲ. ಸೊನ್ನೆ. ಎರಡು ಸಲಾನೂ ಸೊನ್ನೆ."

ಅವಳು ಸೆರಗಿಗೆ ಕೈ ಒರೆಸಿಕೊಂಡಳು.

"ಸೊನ್ನೆ ಅಂದೆ."

"ಕೇಳಿಸ್ತು."

"ಮ್ಯಾನೇಜರು ನನ್ ಮುಖ ನೋಡ್ತಾರೆ, ಮಿಷನ್ ನೋಡ್ತಾರೆ. 'ನೋಡಪ್ಪ, ಮಿಷನ್ ನಿನ್ ಕಡೆ ಇದೆ, ಮುಖ ನಿನ್ ಕಡೆ ಇಲ್ಲ. ಡಾಕ್ಟರ ಹತ್ರ ಬರೆಸ್ಕೊಂಡು ಬಾ, ಅಲ್ಲೀವರೆಗೂ ಗಾಡಿ ಕೊಡಲ್ಲ' ಅಂದ್ರು. ಹುಡುಗರು ಆಗ್ಲೇ ಟೊಮೇಟೊ ಅಂತ ಹೆಸರಿಟ್ಟಿದಾರೆ." ನಗಲು ನೋಡಿದ, ಆಗಲಿಲ್ಲ. "ಏನಾದ್ರೂ ಹೇಳೇ."

ಆಗ ಅವಳ ಬಾಯಿಂದ ಆ ಮಾತು ಬಂದುಬಿಟ್ಟಿತು. "ಆ ಮಿಷನ್ನು ಹಳೇದಿರಬಹುದು."

ಅವನು ಕೂಗಾಡುತ್ತಾನೆ ಎಂದುಕೊಂಡಳು. ಕೂಗಾಡಿದ್ದರೆ ಅವಳಿಗೂ ಕೂಗಲು ದಾರಿಯಾಗುತ್ತಿತ್ತು. ಅವನು ಬಗ್ಗಿ ಬೂಟಿನ ದಾರ ಬಿಚ್ಚಿದ, ಕಾಲುಚೀಲಗಳನ್ನು ಮಡಿಸಿ ಬೂಟಿನೊಳಗಿಟ್ಟ, ಕೋಣೆಗೆ ಹೋಗಿ ಮಂಚದ ಮೇಲೆ ಗೋಡೆ ಕಡೆ ತಿರುಗಿ ಮಲಗಿದ.

"ನಾಲ್ಕು ವರ್ಷ," ಎಂದ ಗೋಡೆಗೆ. "ನಾಲ್ಕು ವರ್ಷ ಆದ್ಮೇಲೂ ನಿಂಗೆ ಮಿಷನ್ನೇ ಸುಳ್ಳು."

ಹನ್ನೊಂದು ವರ್ಷ ಅವನು ದೇವರಾಣೆ, ತಾಯಾಣೆ ಎಂದು ತಲೆ ಮೇಲೆ ಕೈಯಿಟ್ಟು ಹೇಳಿದ್ದೆಲ್ಲ ಸುಳ್ಳಾಗಿತ್ತಲ್ಲ, ಅದನ್ನು ಎಲ್ಲಿ ಎಸೆಯಲಿ ಎಂದು ಕೇಳಬೇಕೆಂದು ಅವಳಿಗೆ ಅನ್ನಿಸಿತು. ಕೇಳದೆ ಅನ್ನಕ್ಕೆ ಅಕ್ಕಿ ತೊಳೆದಿಟ್ಟಳು.

ಮರುದಿನ ಅವನು ಎಂದಿನಂತೆ ನಾಲ್ಕಕ್ಕೇ ಎದ್ದು, ಕೆಲಸವಿಲ್ಲವೆಂದು ನೆನಪಾಗಿ ಸುಮ್ಮನೆ ಕೂತಿದ್ದ. ಅವಳು ಲಾಂಡ್ರಿಗೆ ಹೋಗಿ, ತಲೆನೋವೆಂದು ಹೇಳಿ ಹನ್ನೊಂದಕ್ಕೆ ಹೊರಬಿದ್ದಳು. ತಿಂಡಿ ತಿಂದಿರಲಿಲ್ಲ. ಮನೆಗೆ ಬಂದಾಗ ಅವನಿರಲಿಲ್ಲ. ಕ್ಲಿನಿಕ್ಕಿನಲ್ಲಿ ಸಮಯ ಕೇಳಲು ಹೋಗಿದ್ದ. ಅವಳಿಗೆ ಬೇಕಾಗಿದ್ದುದೂ ಅದೇ. ಬಾಗಿಲು ಹಾಕಿಕೊಂಡು ಮೊದಲ ಕೋಣೆಯಿಂದ ಶುರುಮಾಡಿದಳು. ಹಾಸಿಗೆ ಎತ್ತಿದಳು. ಪರದೆಯ ಮಡಿಕೆ ತಡವಿದಳು. ಅವನ ಕೋಟುಗಳ ಒಳಜೇಬಿಗೆ ಕೈ ಹಾಕಿದಳು; ಹಳೆಯ ಟಿಕೆಟ್ಟು, ಪೆಪ್ಪರ್ಮಿಂಟು, ಬಾಚಣಿಗೆಯ ಮುರಿದ ಹಲ್ಲು. ಕೊನೆಗೆ ಅಡುಗೆಮನೆಯ ಕಪಾಟನ್ನೆಲ್ಲ ಇಳಿಸಿ ಹಾಕಿದಳು.

ಎಣ್ಣೆಯ ಕ್ಯಾನು, ವಿನೆಗರ್ ಬಾಟಲಿ, ಒಂದೊಂದನ್ನೂ ಮುಚ್ಚಳ ತೆಗೆದು ಮೂಸಿದಳು. ಯೀಸ್ಟ್ ಪುಡಿಯ ಡಬ್ಬಿಯ ಸರದಿ ಬಂತು. ಮುಚ್ಚಳ ತೆಗೆದೊಡನೆ ಅವಳ ಕೈ ನಿಂತಿತು. ಬಾಗಿಲ ಬಳಿ ಅವನಿಂದ ಬಂದದ್ದು ಇದೇ ವಾಸನೆ. ಡಬ್ಬಿಯಲ್ಲಿ ಏನಾದರೂ ಅಡಗಿಸಿದ್ದಾನೇನೋ ಎಂದು ತಳದವರೆಗೆ ಕೈ ಇಳಿಸಿ ಕಲಕಿದಳು. ಪುಡಿ ಬಿಟ್ಟರೆ ಏನಿಲ್ಲ. ಹತ್ತು ದಿನದ ಹಿಂದೆ ಬಂದ ಡಬ್ಬಿ, ಆಗಲೇ ಅರ್ಧಕ್ಕಿಂತ ಕೆಳಗಿಳಿದಿತ್ತು.

ಬೆರಳಿಗಂಟಿದ್ದನ್ನು ನೆಕ್ಕಿ ನೋಡಿದಳು. ಉಪ್ಪುಪ್ಪಾಗಿ, ಹುರಿದ ಕಡಲೆಯ ಹಾಗೆ, ಪರವಾಗಿಲ್ಲ ಎನ್ನುವಂತಿತ್ತು. ಹೊಟ್ಟೆ ಹಸಿದಿತ್ತು. ಸುತ್ತ ಹರಡಿದ ಡಬ್ಬಿಗಳ ನಡುವೆ ನೆಲದ ಮೇಲೆ ಕೂತೇ, ಯೋಚನೆಯಲ್ಲಿ ಒಂದು ಹಿಡಿ ತಿಂದಳು. ಇನ್ನೊಂದು ಹಿಡಿ ತಿಂದಳು. ಅಂಗೈಗೆ ಅಂಟಿಕೊಳ್ಳುತ್ತಿತ್ತು, ನೆಕ್ಕುವುದು ನಿಲ್ಲಿಸಲು ಆಗುತ್ತಿರಲಿಲ್ಲ. ಮೂರನೆಯದೂ ಹೋಯಿತು.

ಎಲ್ಲವನ್ನೂ ಕಪಾಟಿಗೆ ಏರಿಸಿ, ಒರೆಸುವ ಬಟ್ಟೆ ಹಿಂಡುತ್ತಿದ್ದಾಗ ಕಿವಿ ಬಿಸಿಯಾಯಿತು. ಆಮೇಲೆ ಕೆನ್ನೆ, ಕತ್ತು, ಎದೆ. ಸಾವಿರ ಇರುವೆ ಒಟ್ಟಿಗೆ ಹರಿದಂತೆ ತುರಿಕೆ. ಲಾಂಡ್ರಿಯ ರೋಲರಿಗೆ ಮುಖ ಕೊಟ್ಟಂತೆ ಕಾವು. ಎದೆ ಡವಡವ ಎನ್ನುತ್ತಿತ್ತು. ಕನ್ನಡಿಯ ಮುಂದೆ ಹೋಗಿ ನಿಂತಳು. ಅವನ ಮುಖದಲ್ಲಿ ಕಂಡಿದ್ದ ಕೆಂಪು ಅವಳ ಮುಖದಲ್ಲಿತ್ತು. ಅದೇ ಗೆರೆ, ಕತ್ತಿನಿಂದ ಕಿವಿಯ ತುದಿಯವರೆಗೆ.

ಅವಳು ಬಚ್ಚಲ ಕಟ್ಟೆಯ ಮೇಲೆ ಕೂತು ಮುಖಕ್ಕೆ ತಣ್ಣೀರು ಹಾಕಿಕೊಳ್ಳುತ್ತಲೇ ಇದ್ದಳು. ಅವನು ಬಂದದ್ದು ಆಗ.

ಬಾಗಿಲಲ್ಲಿ ನಿಂತು ನೋಡಿದ. ಗಾಬರಿಯಿಂದ ಹತ್ತಿರ ಬಂದವನು ಅರ್ಧಕ್ಕೇ ನಿಂತ.

"ಏನೇ ಇದು? ಕುಡಿದಿದ್ದೀಯಾ?"

"ನಿಮ್ಮ ಪುಡಿ ತಿಂದೆ," ಎಂದಳು.

"ಎಷ್ಟು?"

"ಮೂರು ಹಿಡಿ."

ಅವನು ಸ್ವಲ್ಪ ಹೊತ್ತು ಅವಳನ್ನು, ಹಿಂಡದೆ ಬಿಟ್ಟ ಬಟ್ಟೆಯನ್ನು, ಓರೆಯಾಗಿ ಮುಚ್ಚಿದ್ದ ಕಪಾಟನ್ನು ನೋಡಿದ. ಎಲ್ಲ ಅರ್ಥವಾಗಿರಬೇಕು. ಅವಳೆದುರು ಬಗ್ಗಿ, ಡಿಪೋ ಮ್ಯಾನೇಜರಿನ ದನಿಯಲ್ಲಿ, "ಊದಮ್ಮ," ಎಂದ.

ಅವಳು ಊದಿದಳು. ಅವನು ಮೂಸಿದ. ಇಬ್ಬರಿಗೂ ನಗು ಬಂತು. ಅವಳ ನಗು ನಡುವಿನಲ್ಲೆಲ್ಲೋ ಅಳುವಾಯಿತು. ಅವನು ಸಮಾಧಾನ ಮಾಡಲಿಲ್ಲ. ಪಕ್ಕದಲ್ಲಿ ಕೂತ, ಅಷ್ಟೆ. ಅರ್ಧ ಗಂಟೆಯಲ್ಲಿ ಕೆಂಪು ಇಳಿಯತೊಡಗಿತು.

"ನಂಗೂ ಇದೇ ಥರಾ ಆಗೋದು," ಎಂದ. "ಇದರಿಂದ ಅಂತ ಹೊಳೀಲೇ ಇಲ್ಲ. ಬಿಪಿ ಏನೋ ಅಂದ್ಕೊಂಡಿದ್ದೆ. ನಿಂಗೆ ಹೇಳಿದ್ರೆ ಬೇರೆ ಏನೋ ಅಂದ್ಕೋತೀಯ ಅಂತ ಸ್ನಾನ ಅಂತ ಸುಳ್ಳು ಹೇಳಿದೆ."

"ದಿನಾ ಎಷ್ಟು ತಿಂತಿದ್ರಿ?"

ಅವನು ತೊಟ್ಟಿಕ್ಕುತ್ತಿದ್ದ ನಲ್ಲಿಯನ್ನು ಬಿಗಿ ಮಾಡಿದ. "ಮೂರು ಗಂಟೆ ಆಗುತ್ತಲ್ಲ, ಆವಾಗ ಕೈ ಸುಮ್ನಿರಲ್ಲ. ಎಂಟು ವರ್ಷ ಆಗಲಿ, ಹತ್ತು ವರ್ಷ ಆಗಲಿ, ಇರಲ್ಲ ಅಂತ ಕಾಣುತ್ತೆ. ಡಬ್ಬಿ ಇಟ್ಕೊಂಡು ಕೂರ್ತೀನಿ. ಎಷ್ಟು ಅಂತ ನೋಡಿಲ್ಲ."

ಕ್ಲಿನಿಕ್ಕಿನಲ್ಲಿ ಸಿಕ್ಕ ಸಮಯ ಗುರುವಾರ ಮಧ್ಯಾಹ್ನದ್ದು. ಇಬ್ಬರೂ ಹೋದರು, ಡಬ್ಬಿಯನ್ನೂ ಚೀಲದಲ್ಲಿಟ್ಟುಕೊಂಡು. ಒಂದು ಗಂಟೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತ ಮೇಲೆ ಒಳಗೆ ಕರೆದರು. ಡಾಕ್ಟರ್ ನಡುವಯಸ್ಸಿನ ಹೆಂಗಸು. ಬೆಳಗಿನಿಂದ ರೋಗಿಗಳನ್ನು ನೋಡಿ ಅವರ ಕಣ್ಣೂ ಸೋತಿತ್ತು. ಎಲ್ಲ ಕೇಳಿಸಿಕೊಂಡು ಡಬ್ಬಿಯನ್ನು ತಿರುಗಿಸಿ, ಕನ್ನಡಕ ಮೇಲೆತ್ತಿ ಸಣ್ಣ ಅಕ್ಷರ ಓದಿದರು.

"ಇಲ್ಲಿ ಬರೆದಿದಾರಲ್ಲ, ದಿನಕ್ಕೆ ಎರಡು ಚಮಚ ಅಂತ. ನೋಡಿಲ್ವಾ?"

"ತಿನ್ನೋ ಪದಾರ್ಥದ ಮೇಲೆ ಅದೆಲ್ಲ ಯಾರು ಓದ್ತಾರೆ ಮೇಡಂ," ಎಂದ ಅವನು.

"ಇದು ಬರೀ ಯೀಸ್ಟಲ್ಲ. ಫ್ಯಾಕ್ಟರೀಲಿ ವಿಟಮಿನ್ ಬೆರೆಸಿರ್ತಾರೆ. ಅದರಲ್ಲಿ ನಯಾಸಿನ್ ಅಂತ ಒಂದಿದೆ. ಎರಡು ಥರಾ ಇರುತ್ತೆ. ಒಂದು ಥರದ್ದು ಜಾಸ್ತಿ ಆದ್ರೆ ಚರ್ಮದ ರಕ್ತನಾಳ ಹಿಗ್ಗಿ ಮುಖ ಹೀಗೆ ಕೆಂಪಾಗುತ್ತೆ, ಉರಿಯುತ್ತೆ, ತುರಿಸುತ್ತೆ. ಈ ಡಬ್ಬೀಲಿ ಇರೋದು ಅದೇ. ಖಾಲಿ ಹೊಟ್ಟೇಲಿ ಹಿಡಿ ಹಿಡಿ ತಿಂದ್ರೆ ಬರದೆ ಇರುತ್ತಾ? ಇಳಿದುಹೋಗುತ್ತೆ, ಅಪಾಯ ಇಲ್ಲ. ಆದ್ರೆ ಬಸ್ ಓಡಿಸೋವಾಗ ಬರಬಾರದು."

"ಹಂಗಾದ್ರೆ ಇದನ್ನ ದಿನಾ ತಿನ್ನಬಾರದಾ ಡಾಕ್ಟ್ರೇ?" ಎಂದಳು ಅವಳು. ಎಂಟು ತಿಂಗಳ ಹಿಂದೆ ನಾದಿನಿಯನ್ನು ಕೇಳಿದ್ದನ್ನೇ ಈಗ ಮತ್ತೆ ಕೇಳುತ್ತಿದ್ದಳು. ಈ ಸಲ ಉತ್ತರ ಕೇಳಿಸಿಕೊಳ್ಳಲು ಮುಂದಕ್ಕೆ ಬಾಗಿ ಕೂತಿದ್ದಳು.

"ತಿನ್ನಬಹುದು. ಒಂದು ಚಮಚ, ಎರಡು ಚಮಚ, ಊಟದ ಜೊತೆ. ಹೆಚ್ಚಿನವರಿಗೆ ಏನೂ ಆಗಲ್ಲ. ಕೆಲವರಿಗೆ ಹೊಟ್ಟೆ ಉಬ್ಬುತ್ತೆ. ಕೆಲವರಿಗೆ ತಲೆನೋವು ಏಳಬಹುದು." ಅವನ ಕಡೆ ತಿರುಗಿದರು. "ಅರೆತಲೆನೋವು ಇದೆಯಾ? ಕೀಲುಗಳಲ್ಲಿ ಊತ, ಗೌಟ್ ಗೀಟ್? ಕರುಳಿನ ಕಾಯಿಲೆ? ಖಿನ್ನತೆಗೆ ಮಾತ್ರೆ ತಗೋತೀರಾ? ಅದರಲ್ಲಿ ಕೆಲವಕ್ಕೂ ಇದಕ್ಕೂ ಆಗಿಬರಲ್ಲ, ಬಿಪಿ ಏರಿಬಿಡುತ್ತೆ."

ಎಲ್ಲಕ್ಕೂ ಅವನು ಇಲ್ಲ ಎಂದ. ಆಮೇಲೆ, ಹೇಳಬೇಕೋ ಬೇಡವೋ ಎಂದು ಟೋಪಿಯ ಅಂಚನ್ನು ತಿರುಗಿಸುತ್ತ, "ಮೊದಲು ಕುಡೀತಿದ್ದೆ," ಎಂದ. "ಬಿಟ್ಟು ನಾಲ್ಕು ವರ್ಷ ಆಯ್ತು."

ಡಾಕ್ಟರ್ ತಟ್ಟನೆ ಅವಳ ಕಡೆ ನೋಡಲಿಲ್ಲ. ಅವಳಿಗೆ ಅದು ಗೊತ್ತಾಯಿತು. ಎಲ್ಲ ಡಾಕ್ಟರುಗಳೂ ಅವನು ಹೀಗೆ ಹೇಳಿದೊಡನೆ ಹೌದೇ ಎಂದು ಅವಳ ಮುಖ ನೋಡುತ್ತಿದ್ದರು. ಇವರು ಅವನನ್ನೇ ನೋಡುತ್ತ, "ಒಳ್ಳೇದಾಯ್ತು ಹೇಳಿದ್ದು," ಎಂದರು. "ಲಿವರ್ ಒಂದು ಸಲ ಏಟು ತಿಂದಿದೆ ಅಂದ್ರೆ ರಕ್ತ ನೋಡಿಬಿಡೋಣ. ಇಷ್ಟು ನಯಾಸಿನ್ನಿಂದ ಕೆಡೋದು ಅಪರೂಪ. ಆದ್ರೂ ತಿಂಗಳುಗಟ್ಟಲೆ ತಿಂದಿದೀರಿ, ನೋಡದೆ ಬಿಡೋದು ಬೇಡ. ಅಲ್ಲೀವರೆಗೂ ಡಬ್ಬಿ ಮುಟ್ಟಬೇಡಿ."

"ಮತ್ತೆ ಮೂರು ಗಂಟೆಗೆ ಏನು ಮಾಡಲಿ?"

ಇದನ್ನು ಅವನು ತಮಾಷೆಗೆ ಕೇಳಿರಲಿಲ್ಲ. ಡಾಕ್ಟರಿಗೂ ತಿಳಿಯಿತು. ಪೆನ್ನು ಕೆಳಗಿಟ್ಟರು. "ನನ್ನ ಹತ್ರ ಅದಕ್ಕೆ ಮಾತ್ರೆ ಇಲ್ಲ," ಎಂದರು. "ಕಡಲೆಕಾಯಿ ಸುಲೀರಿ. ಸುಲಿಯೋಕೆ ಹೊತ್ತು ಹಿಡಿಯುತ್ತೆ."

ಡಿಪೋಗೆ ಪತ್ರ ಬರೆದುಕೊಟ್ಟರು. ಮ್ಯಾನೇಜರು ಅದನ್ನು ಎರಡು ಸಲ ಓದಿ, "ನನ್ನ ಸರ್ವಿಸ್‌ನಲ್ಲಿ ಪುಡಿ ತಿಂದು ಸಿಕ್ಕಿಬಿದ್ದವನು ನೀನೊಬ್ಬನೇ," ಎಂದು ಫೈಲಿಗೆ ಸೇರಿಸಿದರು. ಸೋಮವಾರದಿಂದ ಗಾಡಿ ಕೊಟ್ಟರು. ಆದರೆ ಒಂದು ತಿಂಗಳು ಪ್ರತಿ ಪಾಳಿಗೂ ಮುಂಚೆ ಊದಬೇಕು. ಅದೇನೂ ಶಿಕ್ಷೆಯಲ್ಲ, ರೂಲ್ಸು ಎಂದರು. ಅವನು ದಿನಕ್ಕೆರಡು ಸಲ ಊದಿದ. ಟೊಮೇಟೊ ಎಂಬ ಹೆಸರು ಮಾತ್ರ ಯಾವ ಪತ್ರಕ್ಕೂ ಜಗ್ಗಲಿಲ್ಲ.

ಸೊಪ್ಪಮ್ಮನಿಗೆ ಫೋನಿನಲ್ಲಿ ವಿಷಯ ಹೇಳಿದಾಗ ಅವಳು ಮೊದಲು ನಂಬಲಿಲ್ಲ. ತನ್ನ ಡಬ್ಬಿ ತೆಗೆದು ಓದಿ, "ಅಯ್ಯೋ, ನಾನು ಒಂದು ಚಮಚ ಹಾಕ್ಕೊಳ್ಳೋದು ಅತ್ತಿಗೆ," ಎಂದು ಅಳುವ ದನಿಯಲ್ಲಿ ಹೇಳಿದಳು. "ಅಣ್ಣ ಕೇಳಿದಾಗೆಲ್ಲ ಖುಷಿಯಿಂದ ಕಳಿಸ್ತಿದ್ದೆ. ಇಷ್ಟು ಬೇಗ ಹೇಗೆ ಖಾಲಿಯಾಗುತ್ತೆ ಅಂತ ಒಂದು ದಿನಾನೂ ಕೇಳ್ಲಿಲ್ಲ."

"ನಾನು ಒಂದೇ ಮನೇಲಿ ಇದ್ದು ಕೇಳ್ಲಿಲ್ಲ," ಎಂದಳು ಅವಳು. "ನೀನು ಅಳಬೇಡ."

ರಕ್ತದ ವರದಿ ಬಂತು. ಒಂದು ಅಂಕಿ ಮಿತಿಯಿಂದ ತುಸು ಮೇಲಿತ್ತು. ಗಾಬರಿಯಾಗುವಷ್ಟಿಲ್ಲ, ಆರು ವಾರ ಬಿಟ್ಟು ಮತ್ತೆ ನೋಡೋಣ ಎಂದರು ಡಾಕ್ಟರ್. ಆ ಆರು ವಾರ ಅವನು ನಿಜವಾಗಿಯೂ ಕಡಲೆಕಾಯಿ ಸುಲಿದ. ಅವಳು ಕೆಲಸದಿಂದ ಬಂದಾಗ ಮೇಜಿನ ಮೇಲೆ ಸಿಪ್ಪೆಯ ಗುಡ್ಡೆ ಇರುತ್ತಿತ್ತು. ಕೆಲವು ದಿನ ಕಾಳುಗಳನ್ನೆಲ್ಲ ಮುಟ್ಟದೆ ಹಾಗೇ ಬಟ್ಟಲಲ್ಲಿ ಇಟ್ಟಿರುತ್ತಿದ್ದ. ಅಂಥ ದಿನ ಕೆಟ್ಟದಾಗಿತ್ತು ಎಂದು ಅವಳು ತಿಳಿದುಕೊಳ್ಳುತ್ತಿದ್ದಳು, ಕೇಳುತ್ತಿರಲಿಲ್ಲ.

ಎರಡನೆಯ ವರದಿಯಲ್ಲಿ ಅಂಕಿ ಕೆಳಗಿಳಿದಿತ್ತು. ಬೇಕಿದ್ದರೆ ಪುಡಿಯನ್ನು ಊಟದ ಜೊತೆ ಒಂದು ಚಮಚ ತಿನ್ನಬಹುದು ಎಂದು ಡಾಕ್ಟರ್ ಅನುಮತಿ ಕೊಟ್ಟರು. ವಿಟಮಿನ್ ಬೆರೆಸದೆ ಇರುವುದೂ ಸಿಗುತ್ತದೆ, ಅದಾದರೆ ಮುಖ ಕೆಂಪಾಗುವುದಿಲ್ಲ. ಆದರೆ ವಿಟಮಿನ್ನಿಗಾಗಿ ತಿನ್ನುವುದಾದರೆ ಅದರಿಂದ ಅಷ್ಟು ಪ್ರಯೋಜನವಿಲ್ಲ ಎಂದೂ ಹೇಳಿದರು. ಅವನು ಸ್ವಲ್ಪ ಯೋಚಿಸಿ, ಸದ್ಯಕ್ಕೆ ಬೇಡ ಎಂದ. "ನಂಗೆ ಒಂದು ಚಮಚ ಅನ್ನೋದು ಯಾವತ್ತೂ ಬಂದಿಲ್ಲ ಮೇಡಂ."

ಕ್ಲಿನಿಕ್ಕಿನಿಂದ ನಡೆದೇ ಬಂದರು. ದಾರಿಯಲ್ಲಿ ಒಂದು ಬೆಂಚು ಕಂಡಿತು. ಅವಳಿಗೆ ಕಾಲು ಸೋತಿತ್ತು, ಕೂತಳು. ಅವನೂ ಕೂತ. ಎದುರಿನ ರಸ್ತೆಯಲ್ಲಿ ಬಸ್ಸುಗಳು ಹೋಗುತ್ತಿದ್ದವು. ಒಂದರ ಡ್ರೈವರ್ ಇವನನ್ನು ಕಂಡು ಹಾರ್ನ್ ಹೊಡೆದು ಕೈಯೆತ್ತಿದ. ಇವನೂ ಎತ್ತಿದ.

"ಇನ್ನೂ ಹುಡುಕ್ತೀಯಾ?" ಎಂದ, ರಸ್ತೆಯನ್ನೇ ನೋಡುತ್ತ.

ಸುಳ್ಳು ಹೇಳಲು ಮನಸ್ಸಾಗಲಿಲ್ಲ. "ನಿನ್ನೆ ಬಚ್ಚಲಲ್ಲಿ ನೋಡಿದೆ. ಫ್ಲಶ್ ಟ್ಯಾಂಕಲ್ಲಿ."

"ಏನಾದ್ರೂ ಸಿಕ್ತಾ?"

"ಇಲ್ಲ. ಮುಚ್ಚಳ ಬಿರುಕು ಬಿಟ್ಟಿದೆ, ಬದಲಾಯಿಸ್ಬೇಕು."

ಅವನು ತಲೆಯಾಡಿಸಿದ. ಸಿಟ್ಟಾದಂತೆ ಕಾಣಲಿಲ್ಲ. ಬಹಳ ದೂರದಿಂದ ಗಾಡಿ ಓಡಿಸಿಕೊಂಡು ಬಂದು ಎಂಜಿನ್ ಆರಿಸಿದವನ ಹಾಗೆ ಬೆನ್ನನ್ನು ಬೆಂಚಿಗೆ ಒರಗಿಸಿದ.

"ನನಗೂ ಗೊತ್ತಾಗುತ್ತೆ ಕಣೇ. ಹೊದಿಕೆ ಮಡಿಸೋ ರೀತಿ ಬೇರೆ ಇರುತ್ತೆ, ಬೂಟು ಜಾಗ ಬದಲಾಗಿರುತ್ತೆ. ನಾಲ್ಕು ವರ್ಷದಿಂದ ಗೊತ್ತಾಗ್ತಿದೆ. ಹುಡುಕಬೇಡ ಅಂತ ನಾನು ಹೇಳಕ್ಕಾಗಲ್ಲ, ಆ ಬಾಯಿ ನನಗಿಲ್ಲ. ಒಂದು ಮಾಡು. ನಾನು ಇರೋವಾಗ ಹುಡುಕು. ನಾನೂ ಕೈ ಹಾಕ್ತೀನಿ, ಮೇಲಿಂದು ನಿಂಗೆ ಎಟಕಲ್ಲ."

ಅವಳು ಕೂಡಲೇ ಒಪ್ಪಿಕೊಳ್ಳಲಿಲ್ಲ. ಅವನೆದುರಿಗೇ ಹುಡುಕುವುದು ಹೇಗಿರುತ್ತದೆ ಎಂದು ಊಹಿಸಿ ನೋಡಿದಳು. ನಾಚಿಕೆಯಾಗುತ್ತದೆ ಅನ್ನಿಸಿತು. ಕದ್ದು ಹುಡುಕುವುದರಲ್ಲೂ ಇಷ್ಟು ವರ್ಷ ಏನೂ ಹಗುರವಿರಲಿಲ್ಲ.

"ಮಿಷನ್ ಹಳೇದು ಅಂದಿದ್ದು ತಪ್ಪಾಯ್ತು," ಎಂದಳು.

"ಹೌದು," ಎಂದ ಅವನು. "ಅದರಿಂದ ನೋವಾಯ್ತು."

ಅವರು ಅಲ್ಲಿ ಇನ್ನೂ ಸ್ವಲ್ಪ ಹೊತ್ತು ಕೂತಿದ್ದರು. ಅವಳು ಚಪ್ಪಲಿಯಿಂದ ಕಾಲು ಹೊರತೆಗೆದು ಬೆರಳುಗಳನ್ನು ಬಿಡಿಸಿದಳು. ನಾಲ್ಕು ಗಂಟೆಯಾಗುತ್ತ ಬಂದಿತ್ತು, ಅವನು ಪಾಳಿಗೆ ಹೋಗಬೇಕಿತ್ತು. ಮುಂದಿನ ನಿಲ್ದಾಣದಲ್ಲಿ ಅವನು ಡಿಪೋದ ಕಡೆಯ ಬಸ್ಸು ಹತ್ತಿದ, ಅವಳು ಮನೆಯ ಕಡೆ ನಡೆದಳು. ಮನೆಗೆ ಬಂದವಳು ಕಪಾಟಿನ ಬಾಗಿಲು ಯಾವುದನ್ನೂ ತೆರೆಯಲಿಲ್ಲ. ಸೀರೆಯನ್ನೂ ಬದಲಿಸದೆ ಮಂಚದ ಮೇಲೆ ಅಡ್ಡಾಗಿ, ಅವನು ಬಂದು ಎಬ್ಬಿಸುವವರೆಗೆ ನಿದ್ದೆ ಮಾಡಿದಳು.